ಬಾಗಿಲ ಪಕ್ಕದ ಟೇಬಲ್

ನಮ್ಮ ಕಾಲದಲ್ಲಿ ಪಿಪೆಟ್ಟಿಗೆ ಬಾಯಿ ಇಟ್ಟೇ ಆಸಿಡ್ ಎಳೆಯಬೇಕಿತ್ತು. ಅದೊಂದು ಉದ್ದನೆಯ ಗಾಜಿನ ಕೊಳವೆ. ಒಂದು ತುದಿ ಬೀಕರಿನಲ್ಲಿ, ಇನ್ನೊಂದು ತುಟಿಗಳ ನಡುವೆ. ಎಳನೀರು ಹೀರುವ ಹಾಗೆ ಮೆಲ್ಲಗೆ ಎಳೆದು, ಗೆರೆ ದಾಟುತ್ತಲೇ ಬಾಯಿ ತೆಗೆದು ಬೆರಳು ಒತ್ತಬೇಕು. ಬಿ.ಎಸ್ಸಿ. ಮೊದಲ ವರ್ಷದ ಹುಡುಗಿಯರಿಗೆ ಅದೊಂದು ಆಟ. ಯಾರಾದರೂ ಜಾಸ್ತಿ ಎಳೆದುಬಿಟ್ಟು ಥೂ ಥೂ ಅಂತ ಸಿಂಕಿನ ಕಡೆ ಓಡುವುದು, ಉಳಿದವರು ನಗುವುದು. ನನಗೆ ನಗು ಬರುತ್ತಿರಲಿಲ್ಲ. ಗಾಜು ಹಲ್ಲಿನ ನಡುವೆ ಇರುವಾಗಲೇ ಅದು ಬಂದುಬಿಟ್ಟರೆ ಏನು ಗತಿ ಅಂತ ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ.

ಅದು ಅಂದರೆ ಫಿಟ್ಸ್. ನಮ್ಮ ಮನೆಯಲ್ಲಿ ಆ ಪದ ಯಾರೂ ಆಡುತ್ತಿರಲಿಲ್ಲ. ಪಿಯುಸಿ ಓದುವಾಗ ಒಂದು ಬೆಳಗ್ಗೆ ಜಡೆ ಹಾಕಿಸಿಕೊಳ್ಳುತ್ತ ಅಮ್ಮನ ಮಡಿಲಿಗೇ ಬಿದ್ದಿದ್ದೆ. ಕಣ್ಣು ತೆರೆದಾಗ ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ. ಅಂದಿನಿಂದ ಅದು 'ಅದು' ಆಯಿತು. "ಮಾತ್ರೆ ನುಂಗಿದ್ಯಾ? ಅದು ಬಂದಾತು ಮತ್ತೆ," ಅಂತ ಅಮ್ಮ ಪಿಸುಗುಟ್ಟುತ್ತಿದ್ದಳು.

ಪಿಸುಗುಟ್ಟಲು ಕಾರಣವಿತ್ತು. ನಮ್ಮದು ಕತ್ರಿಗುಪ್ಪೆ. ಬಡಾವಣೆ ಆಗುವ ಮುಂಚೆ ತಾತ ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಹೊಲ ಹೋಗಿತ್ತು. ಉಳಿದ ಜಾಗದಲ್ಲಿ ಅಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಎಲ್ಲರಿಗೂ ಒಂದೇ ಗೇಟು, ಒಂದೇ ಸಂಪು, ಗೋಡೆಗೆ ಅಂಟಿದ ಗೋಡೆ. ಯಾರ ಮನೆಯಲ್ಲಿ ಕುಕ್ಕರ್ ಕೂಗಿದರೂ ಒಳಗೇನು ಬೇಯುತ್ತಿದೆ ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. "ಯಾರ್ ಹತ್ರನೂ ಬಾಯಿ ಬಿಡ್ಬೇಡ. ಗೊತ್ತಾದ್ರೆ ನಾಳೆ ನಿನ್ನ ಕೇಳ್ಕೊಂಡು ಯಾರ್ ಬರ್ತಾರೆ?" ಅನ್ನುವುದು ಅಮ್ಮನ ಮಾತು. ಒಳಗೆ ಬಿದ್ದರೆ ಬಾಗಿಲು ತೆರೆಯಲಿ ಅಂತ ಬಚ್ಚಲುಮನೆಯ ಒಳಚಿಲಕವನ್ನು ಮಾತ್ರ ಅಪ್ಪ ಸದ್ದಿಲ್ಲದೆ ಬಿಚ್ಚಿ ತೆಗೆದಿದ್ದರು.

ಅದು ಬರುವ ಮುಂಚೆ ಹೊಟ್ಟೆಯ ತಳದಿಂದ ಏನೋ ಎದ್ದು ಎದೆಗೆ, ಅಲ್ಲಿಂದ ಗಂಟಲಿಗೆ ಏರುತ್ತಿತ್ತು. ಆಮೇಲೆ ಏನೂ ನೆನಪಿರುತ್ತಿರಲಿಲ್ಲ. ಕಷ್ಟ ಏನೆಂದರೆ, ಬರೀ ಹೆದರಿಕೆಯೂ ಹಾಗೇ ಏರುತ್ತದೆ. ಜಯನಗರಕ್ಕೆ ಹೋಗುವ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತಾಗ, ಬನಶಂಕರಿ ಬಸ್ ಸ್ಟ್ಯಾಂಡಿನ ಮುಂದೆ ರಸ್ತೆ ದಾಟುವಾಗ ಹೊಟ್ಟೆಯಲ್ಲಿ ಏನೋ ಎದ್ದಂತಾಗುತ್ತಿತ್ತು. ಇದು ಹೆದರಿಕೆಯೋ ಅಥವಾ ಅದೇ ಬರುತ್ತಿದೆಯೋ ಅಂತ ತಿಳಿಯದೆ ಇನ್ನೂ ಹೆದರುತ್ತಿದ್ದೆ. ಮಾತ್ರೆಯಿಂದ ವಸಡು ಊದಿಕೊಂಡಿತ್ತು; ಯಾರಿಗೂ ಕಾಣದಿರಲಿ ಅಂತ ಬಾಯಿಗೆ ಕೈ ಅಡ್ಡ ಇಟ್ಟೇ ಮಾತಾಡುತ್ತಿದ್ದೆ. ನಾನು ತುಂಬ ನಾಚಿಕೆಯ ಹುಡುಗಿ ಅಂತ ಕ್ಲಾಸಿನವರು ತಿಳಿದಿದ್ದರು.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಅದು ಬಂದೇಬಿಟ್ಟಿತು. ಬಾಯಲ್ಲಿ ಪಿಪೆಟ್ ಇರಲಿಲ್ಲ, ಅದೊಂದೇ ಪುಣ್ಯ. ಟೆಸ್ಟ್ ಟ್ಯೂಬನ್ನು ಬರ್ನರಿನ ಮೇಲೆ ಹಿಡಿದಿದ್ದೆ. ಒಂದೇ ಟೇಬಲ್ಲಿನಲ್ಲಿದ್ದ ನನ್ನ ಜೊತೆಗಾತಿ ಏನೋ ಕೇಳಿದಳು. ಉತ್ತರ ಕೊಡಲು ಬಾಯಿ ತೆರೆದದ್ದು ನೆನಪಿದೆ.

ಎಚ್ಚರವಾದಾಗ ನೆಲದ ಮೇಲಿದ್ದೆ. ಮುಷ್ಟಿಯಲ್ಲಿ ಒಂದು ಬೀಗದ ಕೈ ಗೊಂಚಲು. ಮೂಗಿನ ಹತ್ತಿರ ಜಜ್ಜಿದ ಈರುಳ್ಳಿಯ ವಾಸನೆ. ಬಾಯಿ ಕಿತ್ತುಹೋಗುವಷ್ಟು ನೋವು. ಹಲ್ಲು ಕಚ್ಚಿಕೊಂಡಿದ್ದೇನೆ ಅಂತ ಯಾರೋ ಸ್ಟೀಲಿನ ಸ್ಪ್ಯಾಚುಲಾ ತುರುಕಿ ಬಾಯಿ ಬಿಡಿಸಲು ನೋಡಿದ್ದರು. ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ಕೈಕಾಲು ಅದುಮಿ ಹಿಡಿದ ಕಡೆ ನೀಲಿಗಟ್ಟಿತ್ತು. ಚೂಡಿದಾರ ಒದ್ದೆಯಾಗಿತ್ತು. ಹುಡುಗಿಯರೆಲ್ಲ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ನನ್ನ ಜೊತೆಗಾತಿ ಬಾಗಿಲಾಚೆ ಅಳುತ್ತಿದ್ದಳು.

ಅವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ನನ್ನನ್ನು ಉಳಿಸಲು ನೋಡಿದವರೇ. ಆದರೆ ಆ ದಿನದಿಂದ ನನಗೆ ಎರಡು ಹೆದರಿಕೆ ಆಯಿತು. ಫಿಟ್ಸಿನ ಹೆದರಿಕೆ ಮುಂಚೆಯೇ ಇತ್ತು. ನನಗೆ ಎಚ್ಚರವಿಲ್ಲದಾಗ ನನ್ನ ಮೈಮೇಲೆ ಬರುವ ಕೈಗಳ ಹೆದರಿಕೆ ಹೊಸದು, ಅದೇ ದೊಡ್ಡದು.

ಮಾರನೆಯ ದಿನ ಪ್ರಿನ್ಸಿಪಾಲರು ಅಪ್ಪ ಅಮ್ಮನನ್ನು ಕರೆಸಿದರು. "ಊಟ ಮಾಡಿರ್ಲಿಲ್ಲ ಸಾರ್, ತಲೆ ಸುತ್ತಿ ಬಿದ್ದವ್ಳೆ ಅಷ್ಟೇ," ಅಂದಳು ಅಮ್ಮ.

ಪ್ರಿನ್ಸಿಪಾಲರು ಜಗಳಕ್ಕೆ ಬರಲಿಲ್ಲ. "ನೋಡಮ್ಮ, ನನಗೂ ಹೆಣ್ಣುಮಕ್ಕಳಿದಾರೆ. ಲ್ಯಾಬಲ್ಲಿ ಆಸಿಡ್ ಇರುತ್ತೆ, ಗ್ಯಾಸ್ ಇರುತ್ತೆ. ಇವಳಿಗೋ ಪಕ್ಕದವರಿಗೋ ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ಆರ್ಟ್ಸ್‌ಗೆ ಹಾಕೋಣ. ಹಿಸ್ಟರಿ ಓದ್ಲಿ. ಅಲ್ಲಿವರೆಗೂ ಲ್ಯಾಬಿಗೆ ಬರೋದು ಬೇಡ," ಅಂದರು.

ಅಪ್ಪ ತಲೆಯಾಡಿಸಿದರು. ನನಗೆ ಕೆಮಿಸ್ಟ್ರಿ ಇಷ್ಟವಿತ್ತು. ಬಣ್ಣವಿಲ್ಲದ ನೀರು ಒಂದೇ ಹನಿಗೆ ಗುಲಾಬಿಯಾಗುವ ಆ ಗಳಿಗೆಗಾಗಿ ಕಾಲೇಜಿಗೆ ಬರುತ್ತಿದ್ದವಳು ನಾನು. ಆದರೆ ಬಾಯಿ ತೆರೆದರೆ ಮುರಿದ ಹಲ್ಲು ಕಾಣುತ್ತದೆ ಅಂತ ಸುಮ್ಮನೆ ಕೂತಿದ್ದೆ.

ಈಗ ಕಾಲೇಜುಗಳಲ್ಲಿ ನನ್ನಂಥವರ ನೆರವಿಗಾಗಿ ಒಂದು ಸೆಲ್ ಇರುತ್ತದೆ, ಬಾಗಿಲಿಗೆ ಬೋರ್ಡ್ ಇರುತ್ತದೆ, ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತದೆ. ಆಗ, ತೊಂಬತ್ತರ ದಶಕದ ಕೊನೆಯಲ್ಲಿ, ನಮ್ಮ ಕಾಲೇಜಿನಲ್ಲಿ ಅಂಥದ್ದೇನೂ ಇರಲಿಲ್ಲ. ಇದ್ದದ್ದು ನಮ್ಮ ಕೆಮಿಸ್ಟ್ರಿ ಮೇಡಂ. ನಡುವಯಸ್ಸಿನವರು, ಮಾತು ಕಮ್ಮಿ, ಎಲ್ಲರನ್ನೂ ಬೈಯುವವರು. ಪ್ರಿನ್ಸಿಪಾಲರನ್ನು ಕಂಡ ದಿನವೇ ಸಂಜೆ ನನ್ನನ್ನು ಲ್ಯಾಬಿನ ಹಿಂದಿನ ಸಣ್ಣ ಕೋಣೆಗೆ ಕರೆದು ಕೂರಿಸಿದರು.

"ನಾನು ನಿನ್ನೆ ತುಂಬ ಹೆದರಿಬಿಟ್ಟೆ. ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ," ಅಂದರು. ಎದುರಿನ ಸ್ಟೂಲಿನ ಮೇಲೆ ತಾವೂ ಕೂತು, "ಇಲ್ಲೇ ಓದಬೇಕು ಅಂದ್ರೆ ನಿನಗೆ ಏನೇನು ಬೇಕು? ಹೇಳು," ಅಂತ ಕೇಳಿದರು.

ಡಾಕ್ಟರನ್ನು ಕೇಳಿ ಹೇಳ್ತೀನಿ ಅಂದೆ. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ಅಮ್ಮ ಪಕ್ಕದಲ್ಲಿ ಕೂತಿರುವಾಗಲೇ, ಲ್ಯಾಬಿನಲ್ಲಿ ಬಿದ್ದರೆ ಏನು ಮಾಡಬೇಕು ಅಂತ ಡಾಕ್ಟರನ್ನು ಕೇಳಿದೆ. ಅವರು ಮಾತ್ರೆಯ ಪ್ರಮಾಣ ಬದಲಾಯಿಸಿ, ನಿಧಾನವಾಗಿ ವಿವರಿಸಿದರು. ಬಿದ್ದರೆ ಸುತ್ತಲಿನ ಸಾಮಾನು ದೂರ ಸರಿಸಬೇಕು. ಪಕ್ಕಕ್ಕೆ ಮಗ್ಗುಲಾಗಿ ತಿರುಗಿಸಬೇಕು. ಬಾಯಿಗೆ ಏನೂ ಹಾಕಬಾರದು, ಅದುಮಿ ಹಿಡಿಯಬಾರದು, ಕಾಯಬೇಕು. ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆತರಬೇಕು. "ಕಬ್ಬಿಣ ಕೊಟ್ರೆ ನಿಲ್ಲಲ್ವಾ ಡಾಕ್ಟ್ರೇ?" ಅಂತ ಅಮ್ಮ ಕೇಳಿದಳು. "ಅದು ತಾನಾಗೇ ನಿಲ್ಲುತ್ತಮ್ಮ. ನಿಂತಾಗ ಕೈಯಲ್ಲಿ ಕಬ್ಬಿಣ ಇರುತ್ತೆ, ಅಷ್ಟೇ," ಅಂದರು ಅವರು.

ಮೇಡಂ ಎಲ್ಲ ಕೇಳಿಸಿಕೊಂಡು ಪ್ರಿನ್ಸಿಪಾಲರ ಹತ್ತಿರ ಹೋದರು. ಒಳಗೆ ಏನು ಮಾತಾಯಿತೋ ನನಗೆ ತಿಳಿಯದು. ಹೊರಗೆ ಬಂದಾಗ ಅವರ ಮುಖ ಕೆಂಪಗಿತ್ತು. ಬಾಗಿಲ ಪಕ್ಕದ ಕೊನೆಯ ಟೇಬಲ್ ನನಗೆ, ಅದರ ಸುತ್ತ ಜಾಗ ಖಾಲಿ. ಬಾಯಿ ಇಡುವ ಬದಲು ಪಿಪೆಟ್ಟಿಗೆ ಹಾಕಲು ಒಂದು ರಬ್ಬರ್ ಬಲ್ಬ್. ಬರ್ನರ್ ಹಚ್ಚುವಾಗ ಜೊತೆಗೊಬ್ಬರು ಇರಲೇಬೇಕು. ಇಷ್ಟಕ್ಕೆ ಪ್ರಿನ್ಸಿಪಾಲರು ಒಪ್ಪಿದ್ದರು.

"ಆದರೆ ಒಂದು ಮಾತು. ನಿನ್ನ ಬ್ಯಾಚಿನ ಹುಡುಗಿಯರಿಗೆಲ್ಲ ಗೊತ್ತಿರಬೇಕು. ನಾನು ಹೇಳೋದಕ್ಕಿಂತ ನೀನು ಹೇಳಿದ್ರೆ ಒಳ್ಳೇದು," ಅಂದರು ಮೇಡಂ.

ಮನೆಯಲ್ಲಿ ಈ ಮಾತು ತೆಗೆದಾಗ ಅಮ್ಮ ತಟ್ಟೆ ಕುಕ್ಕಿ ಎದ್ದಳು. "ಊರಿಗೆಲ್ಲ ಡಂಗುರ ಹೊಡಿ. ಆ ಹುಡ್ಗೀರು ತಂತಮ್ಮ ಮನೇಲಿ ಹೇಳಲ್ವಾ?" ಅಂತ ಅತ್ತಳು. ಅಪ್ಪ ಬಹಳ ಹೊತ್ತು ಅನ್ನ ಕಲಸುತ್ತಲೇ ಇದ್ದು ಕೊನೆಗೆ, "ಅವಳು ಇನ್ನೊಂದು ಹಲ್ಲು ಮುರ್ಕೊಂಡು ಬರ್ಬೇಕಾ?" ಅಂದರು. ಅಮ್ಮ ಕುಕ್ಕಿದ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು. ಒಪ್ಪಿದಳು ಅಂತ ಅದರ ಅರ್ಥವಲ್ಲ.

ಮುಂದಿನ ಲ್ಯಾಬಿನ ದಿನ ಬ್ಯಾಚಿನವರ ಮುಂದೆ ಎದ್ದು ನಿಂತೆ. ಹೊಟ್ಟೆಯಿಂದ ಏನೋ ಏರುತ್ತಿತ್ತು. ಈಗಲೇ, ಇವರ ಮುಂದೆಯೇ ಬಂದುಬಿಡುತ್ತದೆ ಅಂದುಕೊಂಡೆ. "ನನಗೆ ಫಿಟ್ಸ್ ಇದೆ," ಅಂದೆ. ಆ ಪದವನ್ನು ನನ್ನ ಬಾಯಲ್ಲಿ ನಾನೇ ಮೊದಲ ಸಲ ಕೇಳಿಸಿಕೊಂಡೆ. ಡಾಕ್ಟರು ಹೇಳಿದ್ದನ್ನೆಲ್ಲ ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ. ಕೈ ಅಡ್ಡ ಇಡುವುದು ಮರೆತು, ಮುರಿದ ಹಲ್ಲು ತೋರಿಸಿ, "ಬಾಯಿಗೆ ಮಾತ್ರ ಏನೂ ಹಾಕ್ಬೇಡಿ," ಅಂದೆ.

ನನ್ನ ಜೊತೆಗಾತಿಯೇ ಮೊದಲು ಕೇಳಿದಳು. ಅವಳು ಧಾರವಾಡದ ಕಡೆಯವಳು. ಅಪ್ಪನ ಕೆಲಸಕ್ಕಾಗಿ ಬಂದು ಬಿಟಿಎಮ್ ಲೇಔಟಿನಲ್ಲಿ ಬಾಡಿಗೆಗಿದ್ದರು. ಅವತ್ತಿನ ನಂತರ ಅವಳು ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಳು.

"ಮುಟ್ಟಿದ್ರ ನಮಗೂ ಬರ್ತದೇನು?"

"ಇಲ್ಲ."

"ನಾ ಅವತ್ತ ನೀ ಸತ್ತೀ ಅಂತನ ತಿಳ್ಕೊಂಡಿದ್ದೆ," ಅಂದಳು. "ಮನ್ಯಾಗ ಎರಡು ದಿನ ಊಟ ಸೇರಲಿಲ್ಲ. ಮತ್ತ ಬಂದ್ರ ನಾ ಓಡಿ ಹೋಗೂದಿಲ್ಲ ಅಂತ ಮಾತು ಕೊಡಾಕ ಆಗೂದಿಲ್ಲ. ನೋಡೂಣು." ಹಾಗಂದವಳೇ ಬ್ಯಾಗ್ ಎತ್ತಿಕೊಂಡು ಬಂದು ಬಾಗಿಲ ಪಕ್ಕದ ಟೇಬಲ್ಲಿನ ಮೇಲೆ ಇಟ್ಟಳು.

ಆಮೇಲೆ ಬಹಳ ಕಾಲ ಕಾಲೇಜಿನಲ್ಲಿ ಅದು ಬರಲಿಲ್ಲ. ಮನೆಯಲ್ಲಿ ಆಗಾಗ ಬರುತ್ತಿತ್ತು. ಬಾರದಿದ್ದಷ್ಟೂ ಹೆದರಿಕೆ ಜಾಸ್ತಿ. ಇವತ್ತಲ್ಲದಿದ್ದರೆ ನಾಳೆ, ನಾಳೆಯಲ್ಲದಿದ್ದರೆ ಪರೀಕ್ಷೆಯ ದಿನ. ನಿದ್ದೆಗೆಟ್ಟರೆ ಬರುತ್ತದೆ ಅಂತ ಡಾಕ್ಟರು ಹೇಳಿದ್ದರು. ಆ ಹೆದರಿಕೆಗೇ ನಿದ್ದೆ ಬರುತ್ತಿರಲಿಲ್ಲ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಕಾಲೇಜಿನಿಂದ ಎಕ್ಸಾಮಿನರ್ ಬಂದಿದ್ದರು. ಮೇಡಂ ಮೊದಲೇ ವಿಷಯ ತಿಳಿಸಿದ್ದರು. ಎಕ್ಸಾಮಿನರು ನನ್ನ ಟೇಬಲ್ ನೋಡಿ, ರಬ್ಬರ್ ಬಲ್ಬ್ ನೋಡಿ, "ಏನೋಪ್ಪ, ಇದೆಲ್ಲ ನಾನು ಕಂಡಿಲ್ಲ," ಅಂದು ಮುಂದೆ ಹೋದರು. ಜೊತೆಗಾತಿ ಆಚೆಯ ಟೇಬಲ್ಲಿನಲ್ಲಿದ್ದಳು.

ಬ್ಯೂರೆಟ್ ತುಂಬಿಸಿ ಮೊದಲ ರೀಡಿಂಗ್ ತೆಗೆದಿದ್ದೆ. ಹೊಟ್ಟೆಯ ತಳದಲ್ಲಿ ಎದ್ದಿತು. ಹೆದರಿಕೆ ಅಂದುಕೊಂಡೆ. ಎದೆಗೆ ಏರಿತು. ಅಲ್ಲ, ಇದು ಹೆದರಿಕೆಯಲ್ಲ ಅಂತ ಗೊತ್ತಾಯಿತು. ಫ್ಲಾಸ್ಕನ್ನು ದೂರ ತಳ್ಳಿ, ಟೇಬಲ್ ಬಿಟ್ಟು ಹಿಂದಕ್ಕೆ ಸರಿದು, ಅವಳ ಕಡೆ ತಿರುಗಿ "ಬರ್ತಿದೆ" ಅಂದೆ. ಅಂದೆನೋ, ಅನ್ನಬೇಕು ಅಂದುಕೊಂಡೆನೋ.

ಎಚ್ಚರವಾದಾಗ ಮಗ್ಗುಲಾಗಿ ಮಲಗಿದ್ದೆ. ಕೆನ್ನೆಯ ಕೆಳಗೆ ಮಡಿಸಿದ ದುಪಟ್ಟಾ. ಮೊದಲು ನಾಲಿಗೆಯಿಂದ ಹಲ್ಲು ತಡವಿದೆ, ಹೊಸದಾಗಿ ಯಾವುದೂ ಮುರಿದಿರಲಿಲ್ಲ. ಮುಷ್ಟಿ ಬಿಚ್ಚಿ ನೋಡಿದೆ, ಏನೂ ಇರಲಿಲ್ಲ. ಯಾರೋ ಸೊಂಟದ ಮೇಲೆ ಲ್ಯಾಬ್ ಕೋಟ್ ಹೊದಿಸಿದ್ದರು. ಜೊತೆಗಾತಿ ನನ್ನ ಬೆನ್ನ ಹಿಂದೆ ನೆಲದ ಮೇಲೆ ಕೂತಿದ್ದಳು. ಅವಳ ಕೈ ನನ್ನ ಭುಜದ ಮೇಲಿತ್ತು. ಆಮೇಲೆ ಬೇರೆಯವರು ಹೇಳಿದರು: ಎಕ್ಸಾಮಿನರು ಗಾಬರಿಯಿಂದ ಕೀಲಿಗೊಂಚಲು ಹಿಡಿದು ಓಡಿಬಂದಾಗ ಅವಳು ಅಡ್ಡ ಕೈ ಚಾಚಿ, "ಬ್ಯಾಡ್ರಿ ಸರ. ದೂರ ನಿಂದರ್ರಿ. ತಾನ ನಿಲ್ತದ," ಅಂದಳಂತೆ. ಗಡಿಯಾರ ನೋಡುತ್ತ, ಅಳುತ್ತ, ಕದಲದೆ ಕೂತಿದ್ದಳಂತೆ.

ಎಕ್ಸಾಮಿನರು ಹಣೆ ಒರೆಸಿಕೊಳ್ಳುತ್ತ, "ಮನೆಗೆ ಕಳಿಸಿ ಮೇಡಂ. ಆಬ್ಸೆಂಟ್ ಹಾಕೋಣ, ಮುಂದಿನ ಸಲ ಬರ್ಲಿ," ಅಂದರು.

"ಮಧ್ಯಾಹ್ನ ಇನ್ನೊಂದು ಬ್ಯಾಚ್ ಇದೆ ಸಾರ್. ಮಲಗಿ ಎದ್ದು ಬರ್ತಾಳೆ. ಅವಳು ಒಪ್ಪಿದ್ರೆ," ಅಂದರು ಮೇಡಂ. ಇಬ್ಬರೂ ನನ್ನ ಕಡೆ ನೋಡಿದರು.

ನನಗೆ ಮನೆಗೆ ಹೋಗಬೇಕಿತ್ತು. ತಲೆ ಒಡೆದುಹೋಗುವಷ್ಟು ಭಾರ. ಮತ್ತೆ ಆ ಟೇಬಲ್ಲಿನ ಮುಂದೆ ನಿಲ್ಲುವುದೇ ಬೇಡವಾಗಿತ್ತು. "ಬರ್ತೀನಿ ಮೇಡಂ," ಅಂದೆ. ಯಾಕೆ ಹಾಗಂದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಧ್ಯಾಹ್ನದ ಬ್ಯಾಚಿನಲ್ಲಿ ಒಂದೊಂದು ಹನಿಗೂ ಉಸಿರು ಹಿಡಿದು ನಿಂತೆ. ಆದರೂ ಒಂದು ರೀಡಿಂಗ್ ಪೂರ್ತಿ ತಪ್ಪಾಯಿತು. ಪಾಸಾದೆ, ಆದರೆ ಅಂಕ ಹೇಳಿಕೊಳ್ಳುವಂತೇನೂ ಇರಲಿಲ್ಲ.

ಅಮ್ಮ ಹೆದರಿದ್ದೇ ಆಯಿತು. ನಮ್ಮ ಬಾಡಿಗೆ ಮನೆಯೊಂದರಲ್ಲಿದ್ದ ಹೆಂಗಸಿನ ನಾದಿನಿ ಅದೇ ಕಾಲೇಜಿಗೆ ಬರುತ್ತಿದ್ದಳು. ಪರೀಕ್ಷೆಯಾದ ವಾರದೊಳಗೆ ಆ ಹೆಂಗಸು ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಳು. "ಆಂಟಿ, ನಿಮ್ಮ ಮಗಳ ವಿಷ್ಯ ಕೇಳ್ದೆ," ಅಂದಳು. ಅಮ್ಮನ ಮುಖ ಸುಣ್ಣದಂತಾಯಿತು. ಒಳಕೋಣೆಯಲ್ಲಿ ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತೆ.

ಆ ಹೆಂಗಸು ಸೆರಗಿನ ತುದಿ ತಿರುವುತ್ತ, "ನನಗೂ ಇದೆ ಆಂಟಿ. ಮದುವೆಗೆ ಮುಂಚಿಂದ. ಇವರಿಗೆ ಹೇಳಿಲ್ಲ. ಮಾತ್ರೆ ಕದ್ದು ನುಂಗ್ತಿದ್ದೆ, ಈಗ ಅದೂ ಮುಗಿದಿದೆ. ಯಾವ ಆಸ್ಪತ್ರೆಗೆ ಹೋಗ್ತೀರಿ?" ಅಂದಳು.

ಅಮ್ಮ ಒಲೆ ಆರಿಸಿ, ಅವಳನ್ನು ಒಳಗೆ ಕರೆದು ಕೂರಿಸಿ, "ಮಂಗಳವಾರ ನಾವು ಹೋಗ್ತೀವಿ. ಜೊತೇಲಿ ಬಾ. ಮನೇಲಿ ಮಾರ್ಕೆಟ್ಟಿಗೆ ಅಂತ ಹೇಳು," ಅಂದಳು. ಇನ್ನೂ ಪಿಸುಮಾತಿನಲ್ಲೇ.