ಹುಲಿಯಾದ ಅವ್ವ, ಹೆಗ್ಗಣವಾದ ದೊಡ್ಡವ್ವ

ಕಳೆದ ರವಿವಾರ ಬೆಳಿಗ್ಗೆ ಮನೆಯಲ್ಲಿ ಏನೋ ಸುಟ್ಟ ವಾಸನೆ ಬಂತು. ಒಲೆಯ ಮೇಲೆ ಏನೂ ಇರಲಿಲ್ಲ. ಹುಡುಕಿದರೆ, ನನ್ನ ಗಂಡನ ಲ್ಯಾಪ್‌ಟಾಪಿನ ಚಾರ್ಜರು ಗಾದಿಯ ಕೆಳಗೆ ಸಿಕ್ಕಿಕೊಂಡು ಕಾದುಹೋಗಿತ್ತು. ಬೇರೆ ಹೆಂಡತಿಯಾಗಿದ್ದರೆ ಇಷ್ಟಕ್ಕೆ ಅರ್ಧ ಗಂಟೆಯ ಭಾಷಣ ಮಾಡುತ್ತಿದ್ದಳು. ನಾನೂ ಮಾಡುವವಳೇ. ಆದರೆ ಅವತ್ತು ಚಾರ್ಜರನ್ನು ಮೂಗಿನ ಹತ್ತಿರ ಹಿಡಿದು ಸುಮ್ಮನೆ ನಿಂತುಬಿಟ್ಟೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಕೆಲವರ ಪಾಲಿಗೆ ಮಲ್ಲಿಗೆ ಬಂದಿರುತ್ತದೆ, ಕೆಲವರಿಗೆ ಮೊದಲ ಮಳೆಯ ಮಣ್ಣು. ನನ್ನ ಪಾಲಿಗೆ ಬಂದದ್ದು ಕಾದ ಪ್ಲಾಸ್ಟಿಕ್ಕು.

ನಾನು ಈ ಸಂಭಾಜಿನಗರಕ್ಕೆ ಬಂದದ್ದು ನನ್ನ ಮದುವೆಯ ನಂತರ. ಅದಕ್ಕೂ ಮೊದಲು ನಾನು ನಾಸಿಕದವಳು. ಆಳಂದದ ಕಡೆಯಿಂದ ಬಂದ ಅಪ್ಪ ಮತ್ತು ದೊಡ್ಡಪ್ಪ ಪಂಚವಟಿಯಲ್ಲಿ ಬೇಳೆಕಾಳಿನ ಅಂಗಡಿ ಇಟ್ಟು, ಒಂದೇ ಮನೆಯಲ್ಲಿ ಒಂದೇ ಒಲೆಯ ಮೇಲೆ ಸಂಸಾರ ನಡೆಸುತ್ತಿದ್ದರು. ದೊಡ್ಡಪ್ಪನ ಹೆಂಡತಿ ನನಗೆ ದೊಡ್ಡವ್ವ. ಅವಳ ಮಗ ಸಂಜು ನನಗಿಂತ ಒಂದು ವರ್ಷ ಚಿಕ್ಕವನು. ಮನೆಯಲ್ಲಿ ನಾವಿಬ್ಬರೇ ಮಕ್ಕಳು, ಹಾಗಾಗಿ ಇಬ್ಬರು ತಾಯಂದಿರ ಬೈಗುಳವೂ ನಮಗೆ ಸಮಪಾಲು.

ಸಂಜುವಿನ ಸೋದರಮಾವ ಪುಣೆಯಿಂದ ಅವನಿಗೊಂದು ಹಳೆಯ ವಿಡಿಯೊ ಗೇಮಿನ ಡಬ್ಬಿ ತಂದುಕೊಟ್ಟಿದ್ದ. ಜೊತೆಗಿದ್ದದ್ದು ಒಂದೇ ಒಂದು ಸಿಡಿ. ಅದರ ಮೇಲಿನ ಅಕ್ಷರ ಯಾವ ದೇಶದ್ದೋ, ಆಟದ ಹೆಸರು ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ‘ಜನಾವರದ ಆಟ’ ಎನ್ನುತ್ತಿದ್ದೆವು. ಇಬ್ಬರು ಮನುಷ್ಯರು ಎದುರುಬದುರು ನಿಂತು ಗುದ್ದಾಡುತ್ತಾರೆ. ಪರದೆಯ ಕೆಳಗೆ ಒಂದು ಪಟ್ಟಿ ತುಂಬುತ್ತಾ ಬರುತ್ತದೆ. ಅದು ತುಂಬಿದಾಗ ಒಂದು ಗುಂಡಿ ಒತ್ತಿದರೆ ಫಳ್ಳೆಂದು ಬೆಳಕು ಮಿಂಚಿ ಮನುಷ್ಯ ಹುಲಿಯಾಗುತ್ತಾನೆ, ತೋಳವಾಗುತ್ತಾನೆ, ಹಂದಿಯಾಗುತ್ತಾನೆ. ಒಬ್ಬ ಮೊಲವಾಗುತ್ತಿದ್ದ. ಇನ್ನೊಬ್ಬ ನೆಲ ಕೊರೆಯುವ ಎಂಥದೋ ಪ್ರಾಣಿಯಾಗುತ್ತಿದ್ದ, ಅದನ್ನು ನಾವು ಹೆಗ್ಗಣವೆಂದೇ ತೀರ್ಮಾನಿಸಿದ್ದೆವು. ಜನಾವರವಾಗಿದ್ದಾಗ ಪೆಟ್ಟು ಜಾಸ್ತಿ ಬಿದ್ದರೆ ಮತ್ತೆ ಮನುಷ್ಯರಾಗುತ್ತಿದ್ದರು. ಅರ್ಧ ಗಂಟೆ ಆಡುವಷ್ಟರಲ್ಲಿ ಡಬ್ಬಿ ಕಾದು ಮನೆಯೆಲ್ಲ ವಾಸನೆ ಹಬ್ಬುತ್ತಿತ್ತು. ಅದೇ ಈ ವಾಸನೆ.

ನಾನು ಆರನೆಯ ಇಯತ್ತೆ ಮುಗಿಸಿದ ಬೇಸಿಗೆಯ ಹೊತ್ತಿಗೆ ಅವ್ವನೂ ದೊಡ್ಡವ್ವನೂ ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ತಪ್ಪು ಅವ್ವನದು. ಹಳೆ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವ ಭಾಂಡೆವಾಲಿ ಬಂದಾಗ, ಅಟ್ಟದ ಮೇಲೆ ಬಿದ್ದಿದ್ದ ಒಂದು ಹರಕು ಕೌದಿಯನ್ನು ಕೊಟ್ಟು ಸ್ಟೀಲಿನ ಡಬ್ಬ ತೆಗೆದುಕೊಂಡಿದ್ದಳು. ಆ ಕೌದಿಯನ್ನು ಹೊಲಿದವಳು ದೊಡ್ಡವ್ವನ ತಾಯಿ. ತೀರಿಹೋದ ತಾಯಿಯ ಕೈಯ ಹೊಲಿಗೆ ಅದೊಂದೇ ಉಳಿದಿತ್ತು. ಅವ್ವನಿಗೆ ಅದು ಗೊತ್ತಿರಲಿಲ್ಲ. ದೊಡ್ಡವ್ವ ಅವತ್ತು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಡಬ್ಬವನ್ನು ಒಮ್ಮೆ ನೋಡಿ, ಒಳಗೆ ಹೋಗಿ, ಮಾತು ನಿಲ್ಲಿಸಿಬಿಟ್ಟಳು.

ಆಮೇಲೆ ಅವರಿಬ್ಬರ ನಡುವಿನ ಟಪಾಲು ನಾವೇ. “ಸಂಜೂ, ನಿಮ್ಮ ಕಾಕೂಗ ಹೇಳು, ಹಾಲು ಉಕ್ಕಲಾಕತ್ತಾದ” ಎಂದು ದೊಡ್ಡವ್ವ ಹೇಳುತ್ತಿದ್ದಳು, ಅವ್ವ ಎರಡು ಮಾರು ದೂರದಲ್ಲಿ ಈರುಳ್ಳಿ ಹೆಚ್ಚುತ್ತ ಕೂತಿರುವಾಗಲೇ. ಸಂಜು ಅಂಗಳದಿಂದ ಬಂದು ಅದನ್ನು ಅರ್ಧ ಮರಾಠಿಯಲ್ಲಿ ಮುಟ್ಟಿಸುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತಿತ್ತು.

ಕೊನೆಗೆ ಅಪ್ಪ, ದೊಡ್ಡಪ್ಪ ಬೇಸತ್ತು ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡುವುದೆಂದು ನಿಶ್ಚಯಿಸಿದರು. ಗೌಂಡಿ ಬಂದು ಪಡಸಾಲೆಗೆ ಟೇಪು ಹಿಡಿದು ಹೋದ. ಮರುದಿನ ಅಂಗಳದಲ್ಲಿ ಇಟ್ಟಿಗೆ ಬಿತ್ತು. ನಾನು ಆ ರಾಶಿಯ ಪಕ್ಕ ಕೂತು ಅತ್ತೆ. ಯಾಕೆಂದು ಕೇಳಿದರೆ ನಗುತ್ತೀರಿ. ಟೀವಿ ನಮ್ಮಪ್ಪನದು, ಗೇಮಿನ ಡಬ್ಬಿ ಸಂಜುವಿನದು. ಗೋಡೆ ಎದ್ದರೆ ಟೀವಿ ಈ ಕಡೆ, ಡಬ್ಬಿ ಆ ಕಡೆ. ಹನ್ನೊಂದು ವರ್ಷದ ನನ್ನ ಲೋಕದಲ್ಲಿ ಇದಕ್ಕಿಂತ ದೊಡ್ಡ ಅನಾಹುತ ಇರಲಿಲ್ಲ.

ಆ ವಾರವೇ ನನ್ನ ಮೈತುಂಬ ಗುಳ್ಳೆಗಳೆದ್ದವು. ಡಾಕ್ಟರು ಮರಾಠಿಯಲ್ಲಿ “ಕಾಂಜಿಣ್ಯಾ” ಎಂದರು, ಅಂದರೆ ಸೀತಾಳೆ ಸಿಡುಬು. ದೊಡ್ಡವ್ವ ನನ್ನ ಹಾಸಿಗೆಯ ಸುತ್ತ ಬೇವಿನ ತಪ್ಪಲು ಇಟ್ಟು, “ತಾಯಿ ಬಂದಾಳ, ಯಾರೂ ಗದರಬ್ಯಾಡ್ರಿ” ಎಂದು ಗೋಡೆಗೆ ಹೇಳಿದಳು. ಅದು ಅವ್ವನಿಗೆ ಹೇಳಿದ ಮಾತು. ಗೋಡೆ ಕಟ್ಟುವ ಕೆಲಸ ಮುಂದಕ್ಕೆ ಹೋಯಿತು. ಹತ್ತು ದಿನಕ್ಕೆ ಸಂಜುವಿಗೂ ಗುಳ್ಳೆ ಎದ್ದವು. ಅವನಿಗೆ ಬಂದದ್ದು ಹೊಟ್ಟೆಯ ಮೇಲೆ ನಾಲ್ಕು, ಬೆನ್ನ ಮೇಲೆ ಐದು. ನರಳುವುದು ಮಾತ್ರ ನನ್ನ ಎರಡರಷ್ಟು. ಪಡಸಾಲೆಯಲ್ಲಿ ಟೀವಿಯ ಎದುರು ಇಬ್ಬರಿಗೂ ಎರಡು ಮಂಚ ಹಾಕಿದರು. ನನ್ನ ಅಂಗೈಯಲ್ಲಿನ ಗುಳ್ಳೆಗಳು ಇನ್ನೂ ಮಾಯ್ದಿರಲಿಲ್ಲ, ಚಮಚ ಹಿಡಿಯುವುದೂ ಕಷ್ಟ.

ಒಂದು ಮಧ್ಯಾಹ್ನ ಸಂಜು ಆಟ ಬೇಕೆಂದು ಅಳಲು ಶುರುಮಾಡಿದ. “ಮಲಾ ಆಟ ಪಾಹಿಜೇ.”

“ಆಡು, ಯಾರು ಬ್ಯಾಡಂದ್ರು?” ಎಂದಳು ದೊಡ್ಡವ್ವ.

“ಬಟ್ಟು ನೋಯ್ತಾವ” ಎಂದು ಬೆರಳು ಮಡಚಿಕೊಂಡ. “ನೀ ಆಡು. ನಾ ಹೇಳ್ತೀನಿ.”

“ನಾ ಏನ್ ಆಡ್ಲೋ ಅದನ?”

“ಮತ್ತ ಅಕ್ಕನ ಪರವಾಗಿ ಕಾಕೂ ಆಡ್ಲಿ” ಎಂದು ಇನ್ನೂ ಜೋರಾಗಿ ಅತ್ತ. ತಾಯಿ ಬಂದ ಮಗುವನ್ನು ಅಳಿಸಬಾರದೆಂಬ ನಿಯಮ ಮಾಡಿದವಳು ದೊಡ್ಡವ್ವನೇ. ಬೇರೆ ದಾರಿ ಇರಲಿಲ್ಲ. ಇಬ್ಬರೂ ಸೆರಗು ಸಿಕ್ಕಿಸಿ, ನಡುವೆ ಒಂದು ಮೊಳ ಜಾಗ ಬಿಟ್ಟು, ನೆಲದ ಮೇಲೆ ಕೂತರು.

ಸಂಜು ತಾಯಿಗೆ ಹೆಗ್ಗಣವನ್ನು ಆರಿಸಿಕೊಟ್ಟ. ನಾನು ಅವ್ವನಿಗೆ ಹುಲಿಯನ್ನು ಕೊಟ್ಟೆ. ಮೊದಲ ಆಟದಲ್ಲಿ ಇಬ್ಬರ ಮನುಷ್ಯರೂ ಗಾಳಿಗೆ ಗುದ್ದಿದರು, ಹಾರಿದರು, ಗೋಡೆಯ ಕಡೆ ಮುಖ ಮಾಡಿ ನಿಂತರು. ಎರಡನೆಯದರಲ್ಲಿ ಅವ್ವನ ಹೆಬ್ಬೆರಳು ಎಲ್ಲಿ ಬಿತ್ತೋ, ಫಳ್ಳೆಂದು ಬೆಳಕು ಹೊಡೆಯಿತು. “ಅಯ್ಯ ನಮ್ಮವ್ವ! ಹುಲಿ ಆದ್ನಿ!” ಎಂದು ಕೂತಲ್ಲೇ ಹಿಂದಕ್ಕೆ ಜಿಗಿದಳು. ದೊಡ್ಡವ್ವನ ತುಟಿ ಕದಲಿದ್ದನ್ನು ನಾನು ನೋಡಿದೆ. ಅವಳು ನಗು ನುಂಗಿ ಇನ್ನಷ್ಟು ಸೆಟೆದು ಕೂತಳು.

ಮೂರನೆಯ ಆಟದ ಹೊತ್ತಿಗೆ ದೊಡ್ಡವ್ವನ ಕೈ ಪಳಗಿತ್ತು. ಹೆಗ್ಗಣ ನೆಲದೊಳಗೆ ಮುಳುಗಿ, ಹುಲಿಯ ಕಾಲಬುಡದಲ್ಲೇ ಎದ್ದು ಬಾರಿಸತೊಡಗಿತು. ದೊಡ್ಡವ್ವ ಪರದೆಗೆ ಹೇಳಿದಳು: “ಮಂದಿ ಸಾಮಾನಕ್ಕ ಕೈ ಹಚ್ಚೂ ಮುಂದ ಒಂದು ಮಾತು ಕೇಳಬೇಕು.” ಧಪ್! “ಕೇಳಬೇಕಾ ಬ್ಯಾಡಾ?” ಧಪ್! “ನಮ್ಮವ್ವನ ಕೈದು ಅದು!” ಧಪ್!

ಹುಲಿ ನಿಂತುಬಿಟ್ಟಿತು. ನಾನು ಮಂಚದಿಂದ “ಅವ್ವಾ, ಒತ್ತು, ಒತ್ತು” ಎಂದು ಕೂಗಿದೆ. ಅವ್ವ ಕೈಯಲ್ಲಿದ್ದ ಗೇಮಿನ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು.

“ಯಾಕ ನಿಂತಿ? ಹೊಡಿ” ಎಂದಳು ದೊಡ್ಡವ್ವ. ನಾಲ್ಕು ತಿಂಗಳಲ್ಲಿ ನೇರವಾಗಿ ಆಡಿದ ಮೊದಲ ಮಾತು.

“ನೀವು ಹೊಡೀರಿ ಅಕ್ಕಾ. ನಂದು ತಪ್ಪಾಗ್ಯಾದ.” ಅವ್ವನ ದನಿ ಸಣ್ಣಗಾಗಿತ್ತು. “ಪ್ರತೀ ಬುಧವಾರ ಹೊಳಿದಂಡಿ ಸಂತೀಗ ಹೋಗಿ ಆ ಭಾಂಡೆವಾಲೀನ ಹುಡಿಕೀನ್ರಿ. ಸಿಗಲಿಲ್ಲ. ಹಳೀ ಬಟ್ಟಿ ಮಾರೋರ ರಾಶಿಯೆಲ್ಲಾ ಕೆದರೀನಿ. ಯಾವ ಮಾರಿಲೆ ನಿಮ್ಮ ಮುಂದ ಹೇಳ್ಲಿ?”

ಬುಧವಾರ ಅವಳು ತರಕಾರಿಗೆ ಹೋಗಿ ಖಾಲಿ ಚೀಲ ತರುತ್ತಿದ್ದುದು ಯಾಕೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ದೊಡ್ಡವ್ವನ ಕಣ್ಣು ತುಂಬಿತು, ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಅವ್ವನ ಮಡಿಲಲ್ಲಿದ್ದ ರಿಮೋಟನ್ನು ಎತ್ತಿ ಅವಳ ಕೈಗೆ ಕೊಟ್ಟಳು.

“ಹಂಗ ಸುಮ್ಮ ನಿಂತವರಿಗಿ ಹೊಡದು ಗೆದ್ರ ಅದೇನು ಗೆದ್ದಂಗೇನ? ಹಿಡಿ, ಆಡು.”

ಅವತ್ತು ಸಂಜೆಯವರೆಗೂ ಆಡಿದರು. ಅಪ್ಪ, ದೊಡ್ಡಪ್ಪ ಅಂಗಡಿಯಿಂದ ಬಂದಾಗ ಚಹಾ ಇಲ್ಲ, ಅಡುಗೆ ಇಲ್ಲ. ಇಬ್ಬರು ಹೆಂಗಸರು ಒಬ್ಬರ ಭುಜಕ್ಕೊಬ್ಬರು ಭುಜ ತಾಗಿಸಿ ಕೂತು “ಬಾಲ ಹಿಡೀರಿ, ಬಾಲ!” ಎಂದು ಚೀರುತ್ತಿದ್ದರು. ದೊಡ್ಡಪ್ಪ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತ. ಕೌದಿ ಸಿಗಲೇ ಇಲ್ಲ. ಅದರ ನೋವೂ ದೊಡ್ಡವ್ವನಲ್ಲಿ ಪೂರ್ತಿ ಹೋಗಲಿಲ್ಲವೆಂದು ಈಗ ತಿಳಿಯುತ್ತದೆ. ಆದರೆ ಅವಳೇ ಗೌಂಡಿಯನ್ನು ಕರೆಸಿ ಆ ಇಟ್ಟಿಗೆಯಿಂದ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಟ್ಟೆ ಕಟ್ಟಿಸಿದಳು. ಇಬ್ಬರು ಕೂತು ಒಗೆಯುವಷ್ಟು ಅಗಲದ್ದು.

ಚಾರ್ಜರನ್ನು ತಣ್ಣಗಾಗಲು ಕಿಟಕಿಯಲ್ಲಿಟ್ಟು ಸಂಜುವಿಗೆ ಫೋನು ಮಾಡಿದೆ. ಅವನಿಗೀಗ ತಲೆ ಅರ್ಧ ಬೋಳು, ಅದೇ ಅಂಗಡಿ ನೋಡಿಕೊಳ್ಳುತ್ತಾನೆ. ಹಬ್ಬಕ್ಕೊಂದು ದೀಪದ ಚಿತ್ರ ಕಳಿಸುವುದು ಬಿಟ್ಟರೆ ನಾವಿಬ್ಬರು ಮಾತಾಡಿ ಎಷ್ಟೋ ದಿನವಾಗಿತ್ತು. ಹಳೆಯದನ್ನೆಲ್ಲ ನೆನೆದು ನಕ್ಕೆವು.

“ಅಗ ಅಕ್ಕಾ, ಒಂದು ಖರೇ ಹೇಳ್ಲಾ?” ಎಂದ. “ನನ್ನ ಬಟ್ಟು ನೋಯತಿದ್ದಿಲ್ಲ. ಸುಳ್ಳ ಅತ್ತಿದ್ನಿ.”

“ಟೀವಿ ಸಲುವಾಗಿ ಏನೋ?”

“ಟೀವಿ ಅಲ್ಲಗ. ಗೋಡಿ ಕಟ್ಟಿದ್ರ ನೀ ಆ ಕಡಿ ಹೋಗ್ತಿದ್ದಿ.”

ಇಪ್ಪತ್ತು ವರ್ಷಗಳ ಮೇಲೆ ಬಾಯಿ ಬಿಟ್ಟಿದ್ದ. ಮುಂದಿನ ರವಿವಾರ ಬರುತ್ತೇನೆಂದೆ.

ನನ್ನ ಮಗಳ ಪರೀಕ್ಷೆಗೆಂದು ನಾಸಿಕದಿಂದ ಬಂದು ಉಳಿದಿದ್ದ ಅವ್ವ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಓಡಿಹೋಗಿ ಅವಳಿಗೆ ಈ ಮಹಾರಹಸ್ಯ ಒಪ್ಪಿಸಿದೆ. ಅವಳು ತಲೆ ಎತ್ತಲಿಲ್ಲ.

“ಅದು ಅವತ್ತೇ ಗೊತ್ತಿತ್ತಲ್ಲ. ಅಕ್ಕಗೂ ಗೊತ್ತಿತ್ತು. ದಿನಾ ಆ ಹುಡುಗನ ಮೈ ಒರಸೋರು ನಾವೇ, ಬಟ್ಟಿನ ಮ್ಯಾಲ ಒಂದು ಗುಳ್ಳಿ ಇಲ್ಲಂತ ಕಾಣೂದಿಲ್ಲೇನು?”

“ಮತ್ತ ಯಾಕ ಕೂತ್ರಿ ಆಡ್ಲಿಕ್ಕ?”

ಅವ್ವ ಒಂದು ಕಾಯಿ ಬಿಡಿಸಿ, ಕಾಳು ಬಟ್ಟಲಿಗೆ ಹಾಕಿ, ನನ್ನನ್ನು ನೋಡಿದಳು. ಇಷ್ಟು ಓದಿಸಿದ್ದು ಯಾತಕ್ಕೆ ಎನ್ನುವಂತಿತ್ತು ಆ ನೋಟ.

“ಕೂಡಬೇಕಂತ ಇಬ್ಬರಿಗೂ ಇತ್ತು. ಕರಿಯೋರು ಇದ್ದಿಲ್ಲ.”