ಅವರವರ ಟೋಸ್ಟು ಅವರವರೇ

ಬಡಿಸದೆ ಸುಮ್ಮನಿರುವುದು ನನಗೆ ಬರುವುದಿಲ್ಲ. ಮನೆಗೆ ಬಂದವರ ತಟ್ಟೆಯಲ್ಲಿ ಅಂಗೈಯಷ್ಟು ಖಾಲಿ ಜಾಗ ಕಂಡರೂ ನನ್ನ ಕೈ ನನ್ನನ್ನು ಕೇಳದೆ ಸೌಟಿಗೆ ಹೋಗುತ್ತದೆ. ಅಂಥವಳಿಂದ ಮಗಳು ನಿಧಿ ಮಾತು ತೆಗೆದುಕೊಂಡಳು. ಭಾನುವಾರದ ಬ್ರಂಚಿಗೆ ಟೋಸ್ಟು ಬೋರ್ಡು: ಹಲಗೆಯ ಮೇಲೆ ಎಲ್ಲವನ್ನೂ ಹರಡಿಡುವುದು, ಬಂದವರು ತಮಗೆ ಬೇಕಾದ ಟೋಸ್ಟನ್ನು ತಾವೇ ಮಾಡಿಕೊಳ್ಳುವುದು. ನಾನು ಯಾರಿಗೂ, ಏನನ್ನೂ, ಒಂದು ಚಮಚವನ್ನೂ ಬಡಿಸಕೂಡದು.

"ಪ್ರಾಮಿಸ್, ಅಮ್ಮ?"

ಮಾಡಿದೆ. ಬೇರೆ ದಾರಿ ಇರಲಿಲ್ಲ. ಹದಿನಾಲ್ಕರ ಈ ಹುಡುಗಿ ಹಿಂದೊಮ್ಮೆ ತಾನಾಗಿ ಪಾಸ್ತಾ ಮಾಡಿದ್ದಾಗ, ಅವಳು ಬಟ್ಟಲು ತರಲು ಹೋದ ಗಳಿಗೆಯಲ್ಲಿ ನಾನು ಅದಕ್ಕೊಂದು ಒಗ್ಗರಣೆ ಹಾಕಿಬಿಟ್ಟಿದ್ದೆ. ಬರೀ ಸಾಸಿವೆ ಎಂದು ನನ್ನ ನೆನಪು. ಇಂಗು, ಕರಿಬೇವು, ಒಣಮೆಣಸಿನಕಾಯಿ ಎಲ್ಲ ಇತ್ತೆಂದು ಅವಳದು. ನನ್ನ ನೆನಪು ನನಗೆ ಅನುಕೂಲವಾದ ಸಾಮಾನನ್ನಷ್ಟೇ ಇಟ್ಟುಕೊಳ್ಳುತ್ತದೆ, ಅವಳ ಪಟ್ಟಿಯೇ ಸರಿಯಿರಬಹುದು. ಅಂದಿನಿಂದ ಅವಳು ಒಲೆಯ ಹತ್ತಿರ ಸುಳಿದಿರಲಿಲ್ಲ. ಈಗ ಬಂದಿದ್ದಾಳೆ. ಈ ಬ್ರಂಚು ಕೆಟ್ಟರೆ ಮತ್ತೆ ಬರುವುದಿಲ್ಲ.

ಮನೆಯಲ್ಲಿದ್ದ ಅತಿ ದೊಡ್ಡ ಹಲಗೆ ಪುಸ್ತಕದ ಕಪಾಟಿನದು. ಪುಸ್ತಕಗಳನ್ನೆಲ್ಲ ನೆಲಕ್ಕಿಳಿಸಿ ಅದನ್ನು ಕಿತ್ತೆವು. ಉಜ್ಜಿ ತೊಳೆದು, ಹಿತ್ತಲ ಬಿಸಿಲಿನಲ್ಲಿ ಒಣಗಿಸಿ, ಮೇಲೆ ಕಾಗದ ಹಾಸಿದೆವು. ಎಷ್ಟೋ ವರ್ಷ ತತ್ವಶಾಸ್ತ್ರವನ್ನು ಹೊತ್ತಿದ್ದ ಹಲಗೆ ಬೆಣ್ಣೆಹಣ್ಣನ್ನು ಹೊರಲು ಬಡ್ತಿ ಪಡೆಯಿತು. ಫಾರ್ಮರ್ಸ್ ಮಾರ್ಕೆಟ್ಟಿನ ಸ್ಟ್ರಾಬೆರಿ, ಗೋಲಿಯಷ್ಟೇ ಇರುವ ಕೆಂಪು ಮೂಲಂಗಿ, ಬಟಾಣಿ ಚಿಗುರು, ಜೇನು, ಮೂರು ಬಗೆಯ ಚೀಸು, ನಾಲ್ಕು ಬಗೆಯ ಬ್ರೆಡ್ಡು. ಉಪ್ಪನ್ನು ಎಡತುದಿಗೆ ಸರಿಸಲು ಹೋದೆ, ಅಷ್ಟೇ.

"ಅಮ್ಮ, ಇಟ್ಸ್ ನಾಟ್ ಎ ಬಾಳೆ ಎಲೆ!"

ಹತ್ತೂವರೆಗೆ ಕರೆದಿದ್ದ, ಈ ಪರದೇಶದ ನಮ್ಮ ಕನ್ನಡ ಸ್ನೇಹಿತರು ಹನ್ನೊಂದೂವರೆಗೆ ಬಂದರು. ಹಿತ್ತಲಲ್ಲಿ ಹಲಗೆಯ ಸುತ್ತ ನಿಂತರು, ಹೊಗಳಿದರು, ಫೋಟೋ ತೆಗೆದರು. ಯಾರೂ ಮುಟ್ಟಲಿಲ್ಲ.

"ತಗೊಳ್ಳಿ ಪ್ರಕಾಶ್," ಎಂದರು ಒಬ್ಬರು.

"ಮೊದಲು ನೀವು. ನಾನು ದೂರದವನು, ಪ್ಲೆಸೆಂಟನ್ನಿಂದ ಬಂದಿದೀನಿ," ಎಂದ ಪ್ರಕಾಶ. ಅದು ಹೇಗೆ ಕಾರಣವಾಗುತ್ತದೋ ಅವನಿಗೇ ಗೊತ್ತಿರಲಿಲ್ಲ.

ಪಂಕ್ತಿಯಲ್ಲಿ ಕೂತು ಬೆಳೆದವರು ನಾವು. ಯಾರಾದರೂ ಬಡಿಸಬೇಕು, ನಾವು ಬೇಡವೆನ್ನಬೇಕು, ಅವರು ಕೇಳಿಸಿಕೊಳ್ಳಬಾರದು, ಊಟವೆಂದರೆ ಹಾಗೆ. ತನ್ನ ಎಲೆಗೆ ತಾನೇ ಬಡಿಸಿಕೊಳ್ಳುವವನನ್ನು ನಮ್ಮ ನಾಗರಿಕತೆ ಇನ್ನೂ ಊಹಿಸಿಲ್ಲ. ನನ್ನ ಕೈ ಬ್ರೆಡ್ಡಿನ ಕಡೆ ಹೊರಟಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಆಗ ಹಾಸನದಿಂದ ಬಂದು ನಮ್ಮಲ್ಲಿದ್ದ ನನ್ನ ಅತ್ತೆ ಹೊರಗೆ ಬಂದರು. ಸಾಲುಸಾಲು ಬ್ರೆಡ್ಡನ್ನು ನೋಡಿ ಗಾಬರಿಯಾದರು.

"ಯಾರಿಗವ್ವಾ ಹುಷಾರಿಲ್ಲ?"

ಅವರದು ತಪ್ಪಲ್ಲ. ನಮ್ಮ ಕಡೆ ಬ್ರೆಡ್ಡು ಜ್ವರದ ಆಹಾರ. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಕೊಂಡು, ಹಾಲಿನಲ್ಲಿ ನೆನೆಸಿ, ಮುಖ ಸಿಂಡರಿಸಿ ನುಂಗುವಂಥದು. ನಾಲ್ಕು ಬಗೆಯ ಬ್ರೆಡ್ಡೆಂದರೆ ಮನೆಮಂದಿಯೆಲ್ಲ ಮಲಗಿರಬೇಕು. ಎಲ್ಲರೂ ಗೊಳ್ಳೆಂದು ನಕ್ಕರು. ನಿಧಿ ನಗಲಿಲ್ಲ. ಅವಳ ಕಣ್ಣು ಒಳಬಾಗಿಲ ಕಡೆ ಹೊರಳಿತು. ಒಳಗೆ ಹೋದರೆ ಹೋದಳು ಎಂದುಕೊಂಡೆ.

ಅತ್ತೆ ಅವಳ ಮುಖ ನೋಡಿದರು. "ನೀನಾ ಮಗಾ ಇದೆಲ್ಲ ಮಾಡಿದ್ದು?" ಎಂದು ಒಂದು ಟೋಸ್ಟು ಎತ್ತಿಕೊಂಡರು. ಅದರ ಮೇಲೆ ಮೊದಲು ಏನಿಟ್ಟರೆಂಬುದರಲ್ಲಿ ನಮ್ಮನೆಯಲ್ಲಿ ಒಮ್ಮತವಿಲ್ಲ. ಸ್ಟ್ರಾಬೆರಿ ಎಂದರೆ ಕಥೆ ಚೆಂದವಾಗುತ್ತದೆ, ಅದಕ್ಕೇ ನನಗೆ ಅನುಮಾನ, ಮೂಲಂಗಿಯೇ ಇರಬೇಕು. ಜೇನನ್ನಂತೂ ತುಪ್ಪದ ಹಾಗೆ ಸುರಿದರು. ಸುರಿದು, ತಾವು ತಿನ್ನದೆ, ಅದನ್ನು ಮೊಮ್ಮಗಳ ಕೈಗಿಟ್ಟರು.

"ಮಾಡ್ದೋಳು ತಿನ್ನು ಮೊದಲು. ಬೆಳಗಿಂದ ನಿಂತಿದೀಯ."

ನಿಧಿ ಕಚ್ಚಿದಳು. ಕಟ್ಟೆ ಒಡೆಯಿತು. ಪ್ರಕಾಶ ತನ್ನ ಹೆಂಡತಿಗೊಂದು ಟೋಸ್ಟು ಮಾಡಿದ. ಅವಳು ಅದನ್ನು ನನ್ನ ಅತ್ತೆಗೆ ಕೊಟ್ಟು, ಪ್ರಕಾಶನಿಗೊಂದು ಮಾಡಿದಳು. ಹಿತ್ತಲಿಡೀ ಜನ ಒಬ್ಬರ ತಟ್ಟೆಗೆ ಒಬ್ಬರು ನುಗ್ಗಿದರು. "ಇದೊಂದು, ನನಗೋಸ್ಕರ!" "ಅಯ್ಯೋ, ಆಗಲ್ಲ ರೀ!" ಬೆಣ್ಣೆಹಣ್ಣಿನ ಮೇಲೆ ಚೀಸು, ಚೀಸಿನ ಮೇಲೆ ಸ್ಟ್ರಾಬೆರಿ, ಅದರ ಮೇಲೆ ಇನ್ನೊಬ್ಬರ ಪ್ರೀತಿ. ಒಬ್ಬರೂ ತಮ್ಮ ಟೋಸ್ಟನ್ನು ತಾವು ಮಾಡಿಕೊಳ್ಳಲಿಲ್ಲ. ಹಲಗೆ ಇಪ್ಪತ್ತೇ ನಿಮಿಷದಲ್ಲಿ ಬರಿದಾಯಿತು. ಹತ್ತೇ ಎನ್ನುತ್ತಾಳೆ ನಿಧಿ.

ಹಲಗೆಯ ಬ್ರೆಡ್ಡು ಮುಗಿದಾಗ ಅವಳು ಇನ್ನಷ್ಟು ಕಾಯಿಸಲು ಅಡುಗೆಮನೆಗೆ ಓಡಿದಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು. ಅವಳು ತಿರುಗಿಯೂ ನೋಡದೆ ಹೇಳಿದಳು:

"ಡೋಂಟ್ ಹೆಲ್ಪ್. ಬಟ್ ಅಲ್ಲೇ ಇರು."

ಇದ್ದೆ. ಒಲೆಯ ಮುಂದೆ ಅವಳು ಹಾಡು ಗುನುಗುತ್ತ ಬ್ರೆಡ್ಡು ಕಾಯಿಸುವುದನ್ನು ನೋಡುತ್ತ ನಿಂತಿದ್ದೆ. ಬೆಳಗಿನಿಂದ ನಾನೇನೂ ತಿಂದಿಲ್ಲವೆಂಬುದು ಅವಳಿಗೆ ಹೇಗೆ ತಿಳಿಯಿತೋ, ಒಂದು ತಟ್ಟೆ ತಂದು ನನ್ನ ಕೈಗಿಟ್ಟು, ಬಿಸಿ ಟೋಸ್ಟೊಂದನ್ನು ಹಾಕಿದಳು.

"ಸಾಕು," ಎಂದೆ.

ನನ್ನ ಪುಣ್ಯ, ಅವಳು ಆ ಮಾತನ್ನು ನಂಬಲಿಲ್ಲ.