ಗರಸು ಹತ್ತುವವರೆಗೆ

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಬೈಲಹೊಂಗಲದ ನಮ್ಮ ಮನೆಯ ಖಾಲಿ ದನದ ಕೊಟ್ಟಿಗೆಗೆ ಹಳೆಯ ಮಿಲ್ಲಿಂಗ್ ಮಶೀನೊಂದು ಬಂತು. ಬೆಳಗಾವಿಯಲ್ಲಿ ಯಾರೋ ಮೂಲೆಗೆ ತಳ್ಳಿದ್ದ, ಕಬ್ಬಿಣ ಕೆತ್ತಿ ಸಮ ಮಾಡುವ ಯಂತ್ರ. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ತಂದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದನ್ನು ಕೂಡಿಸಲು ಸಂಪಗಾಂವದಿಂದ ಮಿಸ್ತ್ರಿಯವರನ್ನು ಕರೆಸಿದೆ. ನನಗೆ ಕೆಲಸ ಕಲಿಸಿದವರು ಅವರೇ. ಅರವತ್ತು ದಾಟಿದ ಸಾಬರು, ದಪ್ಪ ಕನ್ನಡಕ, ಕಿಸೆಯಲ್ಲಿ ಅರಿವೆ ಸುತ್ತಿದ ಡಯಲ್ ಗೇಜು; ಮಟ್ಟದಲ್ಲಿ ಕೂದಲೆಳೆಯಷ್ಟು ಏರುಪೇರಿದ್ದರೂ ಅದರ ಮುಳ್ಳು ತೋರಿಸುತ್ತದೆ. ಬಂದವರು ಯಂತ್ರಕ್ಕಿಂತ ಮೊದಲು ನೆಲ ನೋಡಿದರು.

"ಗರಸು ಹತ್ತೂತನಕ ಅಗದೀಯೇನೋ?"

ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಗೋಡೆ ಕಟ್ಟುವವರು ಕಪ್ಪು ಮಣ್ಣು ಮುಗಿದು ಗಟ್ಟಿ ಗರಸು ಸಿಗುವವರೆಗೆ ಬುನಾದಿ ತೋಡುತ್ತಾರೆ. ಇದು ಸಣ್ಣ ಮಕ್ಕಳಿಗೂ ಗೊತ್ತು. ನಾನು ಮೊಳದಷ್ಟು ಅಗೆದು, ಸೊಂಟ ಹಿಡಿಯಿತೆಂದು ಬಿಟ್ಟು, ಕಾಂಕ್ರೀಟು ಸುರಿದಿದ್ದೆ. ಗೋಡೆಯೇನು ಕಟ್ಟುತ್ತಿಲ್ಲವಲ್ಲ ಎಂಬ ಸಮಾಧಾನ ಬೇರೆ.

"ಹತ್ತೇತ್ರಿ," ಎಂದೆ.

ಎರಡು ದಿನ ಅವರು ಆ ಯಂತ್ರಕ್ಕೆ ಜೋತುಬಿದ್ದರು. ಕಾಲಿನ ಕೆಳಗೆ ಕಾಗದದಷ್ಟು ತೆಳುವಾದ ತಗಡು ಇಡುವುದು, ಬೋಲ್ಟು ಬಿಗಿಯುವುದು, ಡಯಲ್ ಕಟ್ಟಿ ಯಂತ್ರದ ಮೇಜಿನ ಮೇಲೆ ಸುತ್ತ ತಿರುಗಿಸುವುದು. ಕೊನೆಗೆ ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ. ಅವರು ಮಗು ಹುಟ್ಟಿದವರ ಹಾಗೆ ನಕ್ಕರು.

ಶ್ರಾವಣದಲ್ಲಿ ಮಳೆ ಜಡಿಯಿತು. ಕಟಕೋಳದ ರೈತನೊಬ್ಬನ ಪಂಪಿನ ಮುಖ ಕೆತ್ತಿಕೊಟ್ಟಿದ್ದೆ. ಅದು ಸೋರುತ್ತದೆಂದು ಆತ ಹೊತ್ತು ತಂದು ಬಾಗಿಲಲ್ಲಿ ಒಗೆದ. ಮತ್ತೆ ಮಿಸ್ತ್ರಿಯವರನ್ನು ಕರೆಸಿದೆ. ಡಯಲ್ ಕಟ್ಟಿದರೆ ಮುಳ್ಳು ಅರ್ಧ ಸುತ್ತು ಓಡಿತು. ಗಿರಾಕಿಯ ಮುಂದೆ ನನ್ನ ಮಾನ ಹೋಗಿತ್ತು.

"ನಿಮ್ಮ ಕಣ್ಣು ಹೋಗ್ಯಾವ್ರಿ," ಎಂದುಬಿಟ್ಟೆ. "ಮದಲ ಹೇಳಿದ್ರ ಬ್ಯಾರೆಯವರನ್ನ ಕರಸ್ತಿದ್ನಿ."

ಅವರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಬಾಗಿ ನೋಡಿದರು. ಡಯಲನ್ನು ಅರಿವೆಯಲ್ಲಿ ಸುತ್ತಿ, ಚಹಾ ಕೂಡ ಕುಡಿಯದೆ ಬಸ್‌ಸ್ಟ್ಯಾಂಡಿಗೆ ನಡೆದರು. ಸಿಟ್ಟಿಗೆ ನಾನೂ ಆ ಯಂತ್ರ ಮುಟ್ಟಲಿಲ್ಲ.

ಮರುವರ್ಷ ಯುಗಾದಿ ಕಳೆದ ಮೇಲೆ, ನಾನೇ ಸರಿಮಾಡಿಕೊಳ್ಳೋಣವೆಂದು ಒಂದು ಡಯಲ್ ಕೈಗಡ ತಂದು ಕಟ್ಟಿದೆ. ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಒಂದು ಬೋಲ್ಟನ್ನೂ ಯಾರೂ ತಿರುವಿರಲಿಲ್ಲ. ಕಾಂಕ್ರೀಟಿನ ಅಂಚಿಗೆ ನೆಲ ಬೆರಳು ಹೋಗುವಷ್ಟು ಬಿರಿದಿತ್ತು. ಮಳೆಗೆ ಉಬ್ಬಿ ಯಂತ್ರದ ಮೂಲೆ ಎತ್ತಿದ ಮಣ್ಣು ಈಗ ಒಣಗಿ ಇಳಿದಿತ್ತು. ನನ್ನ "ಹತ್ತೇತ್ರಿ" ಆಗ ನೆನಪಾಯಿತು.

ಅಂದೇ ಸಂಪಗಾಂವಕ್ಕೆ ಹೋದೆ. ಮಿಸ್ತ್ರಿಯವರು ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು.

"ಇದಕ್ಕ ಕಣ್ಣು ಬ್ಯಾಡ ನೋಡು," ಎಂದರು.

ಎಲ್ಲ ಹೇಳಿದೆ. ಅಗೆಯದ್ದನ್ನೂ ಹೇಳಿದೆ. ಅವರ ಕೈ ನಿಂತಿತು.

"ಅಂದ್ರ, ಮಶೀನ ಕೂಡಿಸಿದಾಗ ನಾ ನೋಡಿದ್ದು ಖರೇನ ಸೊನ್ನೀನ?"

"ಹೌದ್ರಿ."

"ಡಯಲ್ ಯರಗಟ್ಟಿ ಫಿಟ್ಟರಗ ಕೊಟ್ಬಿಟ್ನೆಲ್ಲೋ," ಎಂದರು. "ನಂಗೂ ಮಣ್ಣಿನ ಮ್ಯಾಲ ಸಂಶಯ ಬಂದಿತ್ತು. ನೀ ಸುಳ್ಳ ಹೇಳಂಗಿಲ್ಲಂತ, ಕಣ್ಣ ಹೋಗ್ಯಾವಂದ್ಕೊಂಡ್ನಿ."

ಅವರು ಹಗ್ಗದ ತುದಿಯನ್ನು ನೋಡದೆಯೇ ಬೆರಳಿನಿಂದ ತಡವಿ ಹುಡುಕಿ, ಮತ್ತೆ ಹೊಸೆಯತೊಡಗಿದರು.